ಸುಳ್ಳಿಗೂ ಒಂದು ಪುಟ

ಪತ್ರಿಕೆ, ರೇಡಿಯೊ, ಟಿವಿ ಅಥವಾ ಮೊಬೈಲಿನ ಮೂಲಕ ಹಬ್ಬಿದ ಸುದ್ದಿಯೊಂದು ಹಸಿ ಸುಳ್ಳೆಂದು ಬಯಲಾದ ಮೇಲೆ ಅದಕ್ಕೆ ಅಂತರ್ಜಾಲ ವಿಶ್ವಕೋಶದಲ್ಲಿ ಸ್ವತಂತ್ರ ಲೇಖನ ಇರಬೇಕೇ ಎಂಬುದು ಮೇಲ್ನೋಟಕ್ಕೆ ಸಂಪಾದಕರು ತಮ್ಮತಮ್ಮಲ್ಲೇ ಬಗೆಹರಿಸಿಕೊಳ್ಳಬೇಕಾದ ವಿಷಯ. ಅದರ ಬೇರು ಇರುವುದು ಮಾತ್ರ ತತ್ತ್ವಶಾಸ್ತ್ರದಲ್ಲಿ. ವಿಶ್ವಕೋಶ ಇರುವುದು ಜ್ಞಾನವನ್ನು ಒಂದೆಡೆ ಕೂಡಿಸಲು. ಇಲ್ಲದ್ದರ ಬಗ್ಗೆ ಜ್ಞಾನ ಸಾಧ್ಯವೇ? ಸಾಧ್ಯವಾದರೆ ಅದಕ್ಕೆ ಪ್ರಮಾಣ ಯಾವುದು? ಮೋಸ ಹೋದವರ ಮಾತೋ, ಮೋಸ ಮಾಡಿದವನ ತಪ್ಪೊಪ್ಪಿಗೆಯೋ, ಎರಡೂ ಅಲ್ಲದ ಮೂರನೆಯವರ ವಿಚಾರಣೆಯೋ?

ಹುಸಿ ಸುದ್ದಿ ಎಂದರೆ ಸುಳ್ಳೆಂದು ಗೊತ್ತಿದ್ದೂ ಜನ ನಂಬಲೆಂದೇ ಕಟ್ಟಿದ ಸುದ್ದಿ. ವರದಿಗಾರನ ಕಣ್ತಪ್ಪು ಹುಸಿಯಲ್ಲ. ಗಾಳಿಮಾತಿಗೆ ಹೆಚ್ಚಿನ ಸಲ ಕರ್ತೃವೇ ಇರುವುದಿಲ್ಲ. ವಿಡಂಬನೆ ಓದುಗನಿಗೆ ಕಣ್ಣು ಮಿಟುಕಿಸಿಯೇ ಹೇಳುತ್ತದೆ. ಈ ಗೆರೆಗಳು ಎಲ್ಲ ಕಡೆಯೂ ಗಟ್ಟಿಯಾಗಿಲ್ಲ. 1957ರ ಏಪ್ರಿಲ್ 1ರಂದು ಬಿಬಿಸಿ ತನ್ನ ಗಂಭೀರ ಕಾರ್ಯಕ್ರಮ ಪನೋರಮಾದಲ್ಲಿ ಸ್ವಿಟ್ಜರ್‌ಲೆಂಡಿನ ಹೆಂಗಸರು ಮರದಿಂದ ಸ್ಪಗೆಟ್ಟಿ ಕೊಯ್ಯುವ ದೃಶ್ಯ ತೋರಿಸಿತು. ದಿನಾಂಕ ನೋಡಿದವರಿಗೆ ಅದು ತಮಾಷೆ. ಆ ಗಿಡ ಎಲ್ಲಿ ಸಿಗುತ್ತದೆಂದು ವಿಚಾರಿಸಿದವರಿಗೆ ಅಲ್ಲ.

ಇಲ್ಲದ್ದು ಅರಿವಿಗೆ ಬರುವುದು ಹೇಗೆಂಬ ಪ್ರಶ್ನೆ ಭಾರತೀಯ ದರ್ಶನಗಳಿಗೆ ಹೊಸದಲ್ಲ. ಚಿಪ್ಪನ್ನು ಬೆಳ್ಳಿಯೆಂದುಕೊಂಡವನಿಗೆ ಕಂಡ ಆ ಬೆಳ್ಳಿ ಯಾವುದು ಎಂಬುದರ ಸುತ್ತಲೇ ಖ್ಯಾತಿವಾದ ಎಂಬ ಚರ್ಚೆ ಶತಮಾನಗಳ ಕಾಲ ನಡೆಯಿತು. ಬೇರೆಡೆ ಇರುವ ನಿಜವಾದ ಬೆಳ್ಳಿಯೇ ಇಲ್ಲಿ ತೋರಿತು ಎಂದರು ನೈಯಾಯಿಕರು. ಕಣ್ಣೆದುರಿನ ಚಿಪ್ಪಿಗೂ ನೆನಪಿನ ಬೆಳ್ಳಿಗೂ ಇರುವ ಭೇದ ಹೊಳೆಯದೆ ಹೋಯಿತಷ್ಟೆ, ತಪ್ಪು ಜ್ಞಾನ ಎಂಬುದೇ ಇಲ್ಲ ಎಂದರು ಪ್ರಾಭಾಕರ ಮೀಮಾಂಸಕರು. ಅದ್ವೈತಿಗಳ ಪ್ರಕಾರ ಆ ಬೆಳ್ಳಿ ಅನಿರ್ವಚನೀಯ: ನಿಜವಾಗಿದ್ದರೆ ಆಮೇಲೆ ಅಲ್ಲವೆಂದು ತಿಳಿಯುತ್ತಿರಲಿಲ್ಲ, ಏನೂ ಇಲ್ಲದ್ದಾಗಿದ್ದರೆ ತೋರುತ್ತಲೇ ಇರಲಿಲ್ಲ. ಈ ಎರಡನೆಯ ಮಾತನ್ನು ಉಡುಪಿಯ ಮಧ್ವಾಚಾರ್ಯರ ಪರಂಪರೆ ಒಪ್ಪಲಿಲ್ಲ. ಚಿಪ್ಪಿನಲ್ಲಿ ಬೆಳ್ಳಿ ಅತ್ಯಂತ ಅಸತ್ತು, ಆದರೂ ತೋರಿತು. ಅಸತ್ತು ತೋರುವುದೇ ಇಲ್ಲ ಎಂದು ವಾದಿಸಬೇಕಾದರೂ ಅಸತ್ತಿನ ಅರಿವು ವಾದಿಗೆ ಇರಲೇಬೇಕಲ್ಲ ಎಂಬುದು ದ್ವೈತಿಗಳ ಮರುಪ್ರಶ್ನೆ. ಬೆಳ್ಳಿ ಸುಳ್ಳು, ಬೆಳ್ಳಿ ಕಂಡದ್ದು ಸುಳ್ಳಲ್ಲ, ಕಾಣುವಂತೆ ಮಾಡಿದ ಕಾರಣಗಳೂ ಸುಳ್ಳಲ್ಲ.

ಮೋಕ್ಷದ ವಿಚಾರದಲ್ಲಿ ಯಾವ ವಾದ ಗೆಲ್ಲುತ್ತದೆಯೋ ಅದು ಬೇರೆ ಮಾತು. ವಿಶ್ವಕೋಶದ ಮಟ್ಟಿಗೆ ಮಾತ್ರ ಕೆಲಸಕ್ಕೆ ಬರುವುದು ದ್ವೈತಿಗಳ ಉತ್ತರವೇ. ಹುಸಿ ಸುದ್ದಿಯ ಲೇಖನದಲ್ಲಿ ಬೇರೆ ಬೇರೆ ಎರಡು ವಿಷಯಗಳಿವೆ. ಸುದ್ದಿ ಹೇಳಿದ ಸಂಗತಿ ಒಂದು. ಆ ಸುದ್ದಿ ಹುಟ್ಟಿ, ಹಬ್ಬಿ, ಬಯಲಾದ ಘಟನೆ ಇನ್ನೊಂದು. ಮೊದಲನೆಯದು ಎಂದೂ ಇರಲಿಲ್ಲ, ಆದ್ದರಿಂದ ಅದರ ಮೇಲೆ ಲೇಖನವೂ ಇರಲಾರದು. ಎರಡನೆಯದು ಇತಿಹಾಸ. ಪುಟ ಬೇಕೇ ಬೇಡವೇ ಎಂಬ ತರ್ಕವೆಲ್ಲ ಈ ಎರಡನೆಯದನ್ನು ಕುರಿತದ್ದು.

1835ರ ಆಗಸ್ಟ್ 25ರಂದು ನ್ಯೂಯಾರ್ಕಿನ ‘ಸನ್’ ಪತ್ರಿಕೆಯಲ್ಲಿ ಆರಂಭವಾದ ಚಂದ್ರಲೋಕದ ವರದಿಗಳು ಇದಕ್ಕೆ ಒಳ್ಳೆಯ ನಿದರ್ಶನ. ಆಗ ಪ್ರಸಿದ್ಧ ಖಗೋಳಜ್ಞ ಜಾನ್ ಹರ್ಶೆಲ್ ನಿಜವಾಗಿಯೂ ದಕ್ಷಿಣ ಆಫ್ರಿಕದ ಕೇಪ್‌ನಲ್ಲಿದ್ದು ದಕ್ಷಿಣದ ಆಕಾಶವನ್ನು ವೀಕ್ಷಿಸುತ್ತಿದ್ದ. ಆ ಒಂದು ನಿಜದ ಮೇಲೆ ಆರು ಕಂತುಗಳ ಸುಳ್ಳು ಎದ್ದು ನಿಂತಿತು. 24 ಅಡಿ ಅಡ್ಡಳತೆಯ ಮಸೂರವುಳ್ಳ ದೂರದರ್ಶಕದಲ್ಲಿ ಹರ್ಶೆಲ್‌ಗೆ ಚಂದ್ರನ ಮೇಲೆ ಕಾಡುಗಳು, ಎರಡು ಕಾಲಿನ ಮೇಲೆ ನಡೆಯುವ ಬೀವರ್‌ಗಳು, ನೀಲಮಣಿಯ ಗುಡಿ, ಕೊನೆಗೆ ಬಾವಲಿಯಂತೆ ರೆಕ್ಕೆಯಿರುವ ಮನುಷ್ಯರು ಕಂಡರೆಂದು ಪತ್ರಿಕೆ ಬರೆಯಿತು. ಇದೆಲ್ಲ ಎಡಿನ್‌ಬರೋದ ವಿಜ್ಞಾನ ಪತ್ರಿಕೆಯೊಂದರಿಂದ ಎತ್ತಿಕೊಂಡದ್ದು ಎಂದೂ ಹೇಳಿಕೊಂಡಿತು; ಆ ಹೆಸರಿನ ಪತ್ರಿಕೆ ಅಷ್ಟು ಹೊತ್ತಿಗಾಗಲೇ ನಿಂತುಹೋಗಿತ್ತು. ಬರೆದವನು ರಿಚರ್ಡ್ ಆಡಮ್ಸ್ ಲಾಕ್. ‘ಸನ್’ ಸ್ಪಷ್ಟವಾದ ತಪ್ಪೊಪ್ಪಿಗೆಯನ್ನು ಪ್ರಕಟಿಸಲೇ ಇಲ್ಲ. ತಾನೇ ಬರೆದದ್ದೆಂದು ಲಾಕ್ ಬಹಿರಂಗವಾಗಿ ಒಪ್ಪಿಕೊಂಡದ್ದು 1840ರಲ್ಲಿ.

ಬಾವಲಿ ಮನುಷ್ಯರ ಬಗ್ಗೆ ತಿಳಿಯಬೇಕಾದದ್ದು ಏನೂ ಇಲ್ಲ. ಆದರೆ ಆ ವರದಿಗಳ ಬಗ್ಗೆ ತಿಳಿಯಬೇಕಾದದ್ದು ಬಹಳ ಇದೆ. ಒಂದು ಸೆಂಟಿಗೆ ಮಾರುವ ಅಗ್ಗದ ಪತ್ರಿಕೆಗಳ ಪೈಪೋಟಿ ಆಗಷ್ಟೇ ಶುರುವಾಗಿತ್ತು. ಬೇರೆ ಲೋಕಗಳಲ್ಲೂ ಜೀವಿಗಳಿವೆಯೆಂದು ಧರ್ಮಶ್ರದ್ಧೆಯಿಂದಲೇ ಬರೆಯುತ್ತಿದ್ದ ವಿದ್ವಾಂಸರಿದ್ದರು, ಲಾಕ್ ಅವರನ್ನು ಗೇಲಿ ಮಾಡಿದನೆಂದು ಓದುವವರಿದ್ದಾರೆ. ಎಡ್ಗರ್ ಅಲನ್ ಪೋ ತನ್ನ ಚಂದ್ರಯಾನದ ಕಥೆಯನ್ನೇ ಕದ್ದರೆಂದು ಗೊಣಗಿದ. 1844ರಲ್ಲಿ ಬಲೂನಿನಲ್ಲಿ ಅಟ್ಲಾಂಟಿಕ್ ದಾಟಿದ ಹುಸಿ ಸುದ್ದಿಯೊಂದನ್ನು ತಾನೇ ಅದೇ ‘ಸನ್’ಗೆ ಬರೆದುಕೊಟ್ಟ. ಪತ್ರಿಕೋದ್ಯಮ, ವಿಜ್ಞಾನ, ಸಾಹಿತ್ಯ ಮೂರೂ ಕ್ಷೇತ್ರಗಳ ಇತಿಹಾಸಕಾರರು ಈ ಪ್ರಕರಣಕ್ಕೆ ಮತ್ತೆ ಮತ್ತೆ ಮರಳಿದ್ದಾರೆ. ವಿಶ್ವಕೋಶದಲ್ಲಿ ಇದಕ್ಕೆ ಜಾಗ ಸಲ್ಲುವುದು ಈ ಕಾರಣಕ್ಕೆ. ಅಂದು ಎಷ್ಟು ಜನ ನಂಬಿದರು ಎಂಬುದು ಅಷ್ಟು ಮುಖ್ಯವಲ್ಲ, ಆ ಲೆಕ್ಕವಂತೂ ಇಂದು ಯಾರಿಗೂ ಸಿಗುವಂಥದ್ದಲ್ಲ.

ಅಚ್ಚಿನ ವಿಶ್ವಕೋಶಕ್ಕೆ ಈ ತೀರ್ಮಾನ ಸುಲಭವಾಗಿತ್ತು. 1969ರಲ್ಲಿ ಮೊದಲ ಸಂಪುಟ ಕಂಡ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ 14 ಸಂಪುಟಗಳಿಗೆ ಮುಗಿಯಿತು. ಅಷ್ಟರೊಳಗೆ ಜಗತ್ತನ್ನು ಹಿಡಿಸಬೇಕಾದವರಿಗೆ ಸುಳ್ಳಿಗೆ ಪುಟ ಕೊಡುವ ಚೈನಿ ಇರಲಿಲ್ಲ. 2001ರಲ್ಲಿ ಹುಟ್ಟಿದ ವಿಕಿಪೀಡಿಯಕ್ಕೆ ಕಾಗದದ ಕೊರತೆಯೇ ಇಲ್ಲ. ಆದ್ದರಿಂದ ಅದು ಬೇರೆಯೇ ಬೇಲಿ ಹಾಕಿಕೊಳ್ಳಬೇಕಾಯಿತು. ಆ ಬೇಲಿಯ ಹೆಸರು ಗಮನಾರ್ಹತೆ: ವಿಷಯಕ್ಕೆ ಸಂಬಂಧಪಡದ, ನಂಬಬಹುದಾದ ಆಕರಗಳು ಅದರ ಬಗ್ಗೆ ವಿವರವಾಗಿ ಬರೆದಿರಬೇಕು. ಸಂಪಾದಕರು ಸ್ವಂತ ಸಂಶೋಧನೆ ನಡೆಸಿ ಬರೆಯುವಂತಿಲ್ಲ. ಪುಟವೊಂದು ಉಳಿಯಬೇಕೇ ಎಂದು ಯಾರಾದರೂ ಪ್ರಶ್ನಿಸಿದರೆ ಇಂಗ್ಲಿಷ್ ವಿಕಿಪೀಡಿಯದಲ್ಲಿ ಸಾಮಾನ್ಯವಾಗಿ ಏಳು ದಿನ ಚರ್ಚೆ ನಡೆಯುತ್ತದೆ. ಅಲ್ಲಿ ತಲೆ ಎಣಿಸುವುದಿಲ್ಲ, ವಾದವನ್ನು ತೂಗುತ್ತಾರೆ ಎಂಬುದು ನಿಯಮ. ರೂಢಿಯಲ್ಲಿ ತಲೆಗಳೂ ಸ್ವಲ್ಪ ತೂಗುತ್ತವೆ. ಎಲ್ಲವೂ ಇರಲಿ ಎನ್ನುವವರು, ಕಸ ಬೇಡ ಎನ್ನುವವರು ಎಂಬ ಎರಡು ಬಣಗಳು ಮೊದಲಿನಿಂದಲೂ ಇವೆ.

ಈ ನಿಯಮವನ್ನು ಪ್ರಮಾಣಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ ವಿಶ್ವಕೋಶ ಪೂರ್ತಿಯಾಗಿ ಶಬ್ದಪ್ರಮಾಣದ ಮೇಲೆ ನಿಂತದ್ದು. ಅದಕ್ಕೆ ಪ್ರತ್ಯಕ್ಷವಿಲ್ಲ, ಸ್ವಂತ ಅನುಮಾನಕ್ಕೂ ಅವಕಾಶವಿಲ್ಲ. ಇರುವುದು ಆಪ್ತರ ಮಾತು ಮಾತ್ರ. ಆಪ್ತ ಎಂದರೆ ವಿಷಯವನ್ನು ಸ್ವತಃ ಅರಿತವನು, ಅರಿತಂತೆಯೇ ಹೇಳಬೇಕೆಂಬ ಮನಸ್ಸುಳ್ಳವನು ಎಂಬುದು ನ್ಯಾಯಶಾಸ್ತ್ರದ ಲಕ್ಷಣ. ಹುಸಿ ಸುದ್ದಿಯಲ್ಲಿ ಕೆಟ್ಟದ್ದು ಇದೇ ಅಂಗ. ಎಂದಿನಂತೆ ಆಪ್ತವೆನಿಸಿಕೊಂಡ ಪತ್ರಿಕೆಯೇ ಇಲ್ಲಿ ಮೋಸ ಮಾಡಿದೆ ಅಥವಾ ಮೋಸ ಹೋಗಿದೆ. ಆಮೇಲೆ ಅದೇ ಪತ್ರಿಕೆ ತನ್ನ ಸುಳ್ಳಿನ ಬಗ್ಗೆ ಬರೆದರೆ ಅದನ್ನು ಸ್ವತಂತ್ರ ಸಾಕ್ಷ್ಯವೆಂದು ಎಣಿಸಬಹುದೇ?

1980ರ ಸೆಪ್ಟೆಂಬರ್ 28ರಂದು ವಾಷಿಂಗ್ಟನ್ ಪೋಸ್ಟ್‌ನಲ್ಲಿ ಜಾನೆಟ್ ಕುಕ್ ಎಂಬ ವರದಿಗಾರ್ತಿ ಹೆರಾಯಿನ್ ಚಟಕ್ಕೆ ಬಿದ್ದ ಎಂಟು ವರ್ಷದ ಹುಡುಗನ ಕಥೆ ಬರೆದಳು. ಪೊಲೀಸರು ಊರೆಲ್ಲ ಜಾಲಾಡಿದರೂ ಹುಡುಗ ಸಿಗಲಿಲ್ಲ. 1981ರ ಏಪ್ರಿಲ್‌ನಲ್ಲಿ ಆ ವರದಿಗೆ ಪುಲಿಟ್ಜರ್ ಪ್ರಶಸ್ತಿ ಬಂದಾಗ ಅವಳ ಓದಿನ ವಿವರಗಳು ತಾಳೆಯಾಗದೆ ಎಳೆ ಬಿಚ್ಚಿಕೊಂಡಿತು. ಹುಡುಗ ಇರಲೇ ಇಲ್ಲ. ಪತ್ರಿಕೆ ಪ್ರಶಸ್ತಿಯನ್ನು ಹಿಂದಿರುಗಿಸಿತು. ಅದರ ಆಂತರಿಕ ವಿಮರ್ಶಕ ಬಿಲ್ ಗ್ರೀನ್ ತನಿಖೆ ಮಾಡಿ ಸುದ್ದಿಮನೆಯ ಮೇಲಧಿಕಾರಿಗಳ ಲೋಪಗಳನ್ನೂ ಬಿಡದೆ ದೀರ್ಘ ವರದಿ ಪ್ರಕಟಿಸಿದ. ಪ್ರಾಮಾಣಿಕವಾದ ಬರಹ, ಒಪ್ಪಬೇಕು. ಆದರೂ ಅದು ಆ ಮನೆಯದೇ ಮಾತು. ಪ್ರಕರಣಕ್ಕೆ ಪುಟ ಸಲ್ಲುವುದು ಬೇರೆ ಪತ್ರಿಕೆಗಳೂ ಪತ್ರಿಕೋದ್ಯಮದ ಪಾಠಪುಸ್ತಕಗಳೂ ಅದನ್ನು ಆಮೇಲೆ ದಶಕಗಳ ಕಾಲ ಚರ್ಚಿಸಿದ್ದರಿಂದ. ಗ್ರೀನ್ ವರದಿ ಆ ಪುಟದ ಒಳಗೆ ಆಕರವಾಗಿ ಕೂರಬಹುದು. ಒಂದೇ ಸುದ್ದಿಸಂಸ್ಥೆಯ ವರದಿಯನ್ನು ನೂರು ಪತ್ರಿಕೆಗಳು ಅಚ್ಚು ಹಾಕಿದರೆ ಅವು ನೂರು ಆಕರಗಳಲ್ಲ, ಒಂದೇ ಆಕರ ಎಂಬುದನ್ನೂ ಇದರ ಜೊತೆಗೇ ಹೇಳಬೇಕು. ಚರ್ಚೆಗಳಲ್ಲಿ ಅತಿ ಹೆಚ್ಚು ಮರೆತುಹೋಗುವ ಅಂಶ ಇದು.

ಮೂರನೆಯವರ ಮಾತೇ ಕೊನೆಯೂ ಅಲ್ಲ. 1938ರ ಅಕ್ಟೋಬರ್ 30ರ ರಾತ್ರಿ ಆರ್ಸನ್ ವೆಲ್ಸ್‌ನ ತಂಡ ಸಿಬಿಎಸ್ ರೇಡಿಯೊದಲ್ಲಿ ಮಂಗಳ ಗ್ರಹದವರ ದಾಳಿಯ ನಾಟಕವನ್ನು ಸುದ್ದಿ ಪ್ರಸಾರದ ಧಾಟಿಯಲ್ಲಿ ಆಡಿತು. ಅಮೆರಿಕವೇ ದಿಗಿಲುಬಿದ್ದಿತು ಎಂದು ಮರುದಿನದ ಪತ್ರಿಕೆಗಳು ಬರೆದವು. 1940ರಲ್ಲಿ ಪ್ರಿನ್ಸ್‌ಟನ್ನಿನ ಹ್ಯಾಡ್ಲಿ ಕ್ಯಾಂಟ್ರಿಲ್ ಹತ್ತು ಲಕ್ಷಕ್ಕೂ ಹೆಚ್ಚು ಜನ ಹೆದರಿದರೆಂದು ಅಂದಾಜಿಸಿದ. ಸ್ವತಂತ್ರ ಆಕರ, ಅದೂ ವಿಶ್ವವಿದ್ಯಾಲಯದ್ದು. ವಿಶ್ವಕೋಶಕ್ಕೆ ಇನ್ನೇನು ಬೇಕು? ಆದರೆ ಅಂದು ರಾತ್ರಿ ನಡೆದ ಕೇಳುಗರ ಸಮೀಕ್ಷೆಯಲ್ಲಿ ಆ ಕಾರ್ಯಕ್ರಮ ಹಾಕಿಕೊಂಡವರು ಶೇಕಡ 2ರಷ್ಟು ಮಾತ್ರ ಎಂಬುದನ್ನು ಮುಂದಿನ ವಿದ್ವಾಂಸರು ಎತ್ತಿ ತೋರಿಸಿದರು. ಜಾಹೀರಾತಿನ ಹಣ ರೇಡಿಯೊದ ಪಾಲಾಗುತ್ತಿದ್ದ ಕಾಲದಲ್ಲಿ ಪತ್ರಿಕೆಗಳು ದಿಗಿಲನ್ನು ಊದಿ ದೊಡ್ಡದು ಮಾಡಿದವೆಂಬುದು ಅವರ ವಾದ. ಅಂದರೆ ಹುಸಿ ಸುದ್ದಿಯೊಂದರ ಸುದ್ದಿಯೇ ಬಹುಪಾಲು ಹುಸಿ. ಇದರಿಂದ ಪುಟ ಬೀಳುವುದಿಲ್ಲ, ಇನ್ನಷ್ಟು ಗಟ್ಟಿಯಾಗುತ್ತದೆ. ಬರೆಯಬೇಕಾದದ್ದು ಮಾತ್ರ ಬದಲಾಗುತ್ತದೆ.

ಹೆಚ್ಚಿನ ಹುಸಿ ಸುದ್ದಿಗಳ ಹಣೆಬರಹ ಇಷ್ಟು ದೊಡ್ಡದಲ್ಲ. ಜನಗಣಮನವನ್ನು ಯುನೆಸ್ಕೊ ಜಗತ್ತಿನ ಅತ್ಯುತ್ತಮ ರಾಷ್ಟ್ರಗೀತೆ ಎಂದು ಘೋಷಿಸಿದೆ ಎಂಬ ಸಂದೇಶ ವರ್ಷಗಳಿಂದ ಸುತ್ತುತ್ತಿದೆ. ಯುನೆಸ್ಕೊ ಅದನ್ನು ಅಲ್ಲಗಳೆದಿದೆ. 2016ರ ನವೆಂಬರಿನಲ್ಲಿ ಹೊಸ 2000 ರೂಪಾಯಿ ನೋಟಿನಲ್ಲಿ ಉಪಗ್ರಹಕ್ಕೆ ಸಿಗುವ ನ್ಯಾನೊ ಚಿಪ್ ಇದೆಯೆಂದು ಕೆಲವು ಟಿವಿ ಚಾನೆಲ್‌ಗಳೂ ವಿವರಿಸಿದ್ದವು. ಎರಡೂ ಕೋಟ್ಯಂತರ ಜನರ ಕಿವಿಗೆ ಬಿದ್ದವು. ಆದರೆ ಸುಳ್ಳೆಂಬ ಸ್ಪಷ್ಟೀಕರಣ ಬಿಟ್ಟರೆ ಅವುಗಳ ಬಗ್ಗೆ ಹೇಳುವುದು ಹೆಚ್ಚೇನೂ ಇಲ್ಲ. ಇಂಥವಕ್ಕೆ ಸ್ವಂತ ಪುಟ ಬೇಡ. ರಾಷ್ಟ್ರಗೀತೆಯ ಲೇಖನದಲ್ಲಿ ಒಂದು ವಾಕ್ಯ, ನೋಟಿನ ಲೇಖನದಲ್ಲಿ ಒಂದು ಪರಿಚ್ಛೇದ ಸಾಕು. ಪುಟ ಅಥವಾ ಶೂನ್ಯ ಎಂಬ ಎರಡೇ ದಾರಿ ಇರುವಂತೆ ಜಗಳವಾಡುವವರು ಈ ನಡುವಿನ ದಾರಿಯನ್ನು ಬಳಸಿದ್ದರೆ ಅರ್ಧ ಜಗಳ ಹುಟ್ಟುತ್ತಲೇ ಇರಲಿಲ್ಲ.

ಇನ್ನು ಕೆಲವು ಪ್ರಕರಣಗಳಲ್ಲಿ ಪುಟ ಬೇಕು, ಆದರೆ ಹುಸಿಯ ಹೆಸರಿನಲ್ಲಲ್ಲ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸ್ಆ್ಯಪ್ ಸಂದೇಶಗಳು ದೇಶದ ಹಲವೆಡೆ ಹರಿದಾಡಿದವು. ಅವುಗಳ ಜೊತೆಗಿದ್ದ ಒಂದು ವೀಡಿಯೊ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ತಯಾರಾದ ಜಾಗೃತಿ ಚಿತ್ರ. ಮಗುವನ್ನು ಹಿಂದಿರುಗಿಸಿ ಎಚ್ಚರಿಕೆಯ ಬರಹ ತೋರಿಸುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಗುಂಪು ಸೇರಿ ಹೊಡೆದು ಅಮಾಯಕರ ಜೀವ ತೆಗೆದರು. ಆ ವರ್ಷ ಜುಲೈನಲ್ಲಿ ಭಾರತದಲ್ಲಿ ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ದಾಟಿಸುವ ಮಿತಿಯನ್ನು ವಾಟ್ಸ್ಆ್ಯಪ್ ಪ್ರಕಟಿಸಿತು. ಇಲ್ಲಿ ಲೇಖನ ಸಲ್ಲಬೇಕಾದದ್ದು ಕೊಲೆಗಳಿಗೆ. ವೀಡಿಯೊದ ಕಥೆ ಅದರೊಳಗೆ ಬರಬೇಕು. ಸುಳ್ಳಿನ ಹೆಸರನ್ನೇ ಶೀರ್ಷಿಕೆಗೆ ಏರಿಸಿದರೆ ಸತ್ತವರು ಅದರ ಅಡಿಟಿಪ್ಪಣಿಯಾಗುತ್ತಾರೆ.

ವಿಶ್ವಕೋಶವೇ ಹುಸಿಯನ್ನು ಹೊತ್ತಾಗ ಪ್ರಶ್ನೆ ತಿರುವುಮುರುವಾಗುತ್ತದೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ 2007ರ ಜುಲೈಯಲ್ಲಿ ಗೋವೆಯ ಡಿಚೋಲಿಯ ಸುತ್ತ 1640-41ರಲ್ಲಿ ಪೋರ್ಚುಗೀಸರಿಗೂ ಮರಾಠಾ ಸಾಮ್ರಾಜ್ಯಕ್ಕೂ ನಡೆದ ಯುದ್ಧವೊಂದರ ಲೇಖನ ಕಾಣಿಸಿಕೊಂಡಿತು. ಸುಮಾರು 4,500 ಪದ, ಕಾರಣ, ಕದನ, ಒಪ್ಪಂದ, ಪುಸ್ತಕಗಳ ಉಲ್ಲೇಖ ಎಲ್ಲವೂ ಇದ್ದವು. ಅದಕ್ಕೆ ‘ಉತ್ತಮ ಲೇಖನ’ ಎಂಬ ದರ್ಜೆಯೂ ಸಿಕ್ಕಿತು. ಐದು ವರ್ಷ ಕಳೆದು ಒಬ್ಬ ಸಂಪಾದಕ ಉಲ್ಲೇಖಗಳನ್ನು ಹುಡುಕಿದಾಗ ಮುಖ್ಯ ಪುಸ್ತಕಗಳೇ ಇರಲಿಲ್ಲ. 2012ರ ಡಿಸೆಂಬರಿನಲ್ಲಿ ಪುಟ ಅಳಿಸಿಹೋಯಿತು. ಬಿಜಾಪುರದ ಇತಿಹಾಸ ಅಷ್ಟಿಷ್ಟು ಬಲ್ಲವರಿಗೆ ಮೊದಲ ಸಾಲಿನಲ್ಲೇ ಅನುಮಾನ ಬರಬೇಕಿತ್ತು. ಆ ಸೀಮೆ ಆಗ ಆದಿಲ್‌ಶಾಹಿಯ ಕೈಯಲ್ಲಿತ್ತು; 1630ರಲ್ಲಿ ಹುಟ್ಟಿದ ಶಿವಾಜಿ ಇನ್ನೂ ಹುಡುಗ; ಮರಾಠಾ ಸಾಮ್ರಾಜ್ಯ ಎಂಬುದು ಹುಟ್ಟಿರಲೇ ಇಲ್ಲ.

ಇನ್ನೂ ಕೆಟ್ಟದ್ದು ಟೋಸ್ಟರಿನ ಪ್ರಕರಣ. 1893ರಲ್ಲಿ ವಿದ್ಯುತ್ ಟೋಸ್ಟರನ್ನು ಸ್ಕಾಟ್ಲೆಂಡಿನ ಒಬ್ಬಾತ ಕಂಡುಹಿಡಿದನೆಂದು 2012ರಲ್ಲಿ ತಮಾಷೆಗೆ ಸೃಷ್ಟಿಯಾದ ವಿಕಿಪೀಡಿಯ ಲೇಖನ ಹತ್ತು ವರ್ಷ ಉಳಿಯಿತು. ಅದನ್ನು ನೋಡಿ ಪತ್ರಿಕೆಗಳೂ ಪುಸ್ತಕಗಳೂ ಬರೆದವು. ಆ ಬರಹಗಳೇ ಮತ್ತೆ ಲೇಖನಕ್ಕೆ ಉಲ್ಲೇಖವಾಗಿ ಒದಗುವಂತಾಯಿತು. ಎ ನಿಲ್ಲುವುದು ಬಿಯ ಮೇಲೆ, ಬಿ ನಿಲ್ಲುವುದು ಎಯ ಮೇಲೆ. ತರ್ಕಶಾಸ್ತ್ರ ಇದನ್ನು ಅನ್ಯೋನ್ಯಾಶ್ರಯ ದೋಷ ಎನ್ನುತ್ತದೆ. 2022ರಲ್ಲಿ ಶಾಲಾ ಹುಡುಗನೊಬ್ಬನಿಗೆ ಆ ಸಂಶೋಧಕನ ಭಾವಚಿತ್ರ ತಿದ್ದಿದ್ದು ಎನಿಸಿದ್ದರಿಂದ ಕಟ್ಟು ಬಿಚ್ಚಿತು. ಆಕರಗಳನ್ನು ಎಣಿಸಿದರೆ ಈ ಟೋಸ್ಟರ್ ಸಂಶೋಧಕ ಗಮನಾರ್ಹನೇ ಆಗಿದ್ದ. ಎಣಿಕೆ ಸಾಲದು, ಪ್ರತಿ ಆಕರದ ಬೇರನ್ನೂ ಹಿಡಿದು ನೋಡಬೇಕು ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

ಇಂಥ ಸುಳ್ಳು ಲೇಖನಗಳನ್ನು ಅಳಿಸಿದ ಮೇಲೆ, ಆ ಸುಳ್ಳಿನ ಬಗ್ಗೆ ಹೊರಗಿನವರು ಬರೆದಿದ್ದರೆ ಅದರ ಮೇಲೆ ಬೇರೆ ಲೇಖನ ಬರಬಹುದು. 2005ರಲ್ಲಿ ಅಮೆರಿಕದ ಹಿರಿಯ ಪತ್ರಕರ್ತ ಜಾನ್ ಸೀಗೆಂತಾಲರ್ ಕೆನಡಿ ಸೋದರರ ಹತ್ಯೆಯಲ್ಲಿ ಶಂಕಿತನಾಗಿದ್ದ ಎಂಬ ಹುಚ್ಚು ಮಾತು ಅವನ ವಿಕಿಪೀಡಿಯ ಪುಟದಲ್ಲಿ ಸುಮಾರು ನಾಲ್ಕು ತಿಂಗಳು ಇತ್ತು. ಅವನು ಯುಎಸ್ಎ ಟುಡೇ ಪತ್ರಿಕೆಯಲ್ಲಿ ಸಿಟ್ಟಿನಿಂದ ಬರೆದ. ಹೆಸರು ನೋಂದಾಯಿಸದವರು ಇಂಗ್ಲಿಷ್ ವಿಕಿಪೀಡಿಯದಲ್ಲಿ ಹೊಸ ಪುಟ ತೆರೆಯುವುದು ಆಮೇಲೆ ನಿಂತಿತು. ವಿಶ್ವಕೋಶ ತನ್ನ ಲೋಪಕ್ಕೇ ಒಂದು ಪುಟ ಇಟ್ಟುಕೊಂಡಿತು, ಅದು ಸರಿಯೂ ಹೌದು. ಅಚ್ಚಿನ ಕೋಶಗಳೂ ಶುದ್ಧವಲ್ಲ. 1975ರ ನ್ಯೂ ಕೊಲಂಬಿಯ ಎನ್‌ಸೈಕ್ಲೊಪೀಡಿಯದಲ್ಲಿ ಲಿಲಿಯನ್ ವರ್ಜೀನಿಯ ಮೌಂಟ್‌ವೀಜಲ್ ಎಂಬ, ಎಂದೂ ಬದುಕಿರದ ಛಾಯಾಗ್ರಾಹಕಿಯ ನಮೂದಿದೆ. ಕದ್ದು ಅಚ್ಚು ಹಾಕುವವರನ್ನು ಹಿಡಿಯಲು ಇಟ್ಟ ಬಲೆ ಅದು ಎನ್ನುತ್ತಾರೆ. ಇಂಥ ಬೇಕೆಂದೇ ಸೇರಿಸಿದ ಸುಳ್ಳು ನಮೂದುಗಳಿಗೆ ಇಂಗ್ಲಿಷಿನಲ್ಲಿ ಅವಳದೇ ಹೆಸರು ಬಿದ್ದಿದೆ.

ಪುಟ ಕೊಡುವುದರಲ್ಲಿ ನೀತಿಯ ಪ್ರಶ್ನೆಯೂ ಇದೆ. ಹೆಸರಿಗಾಗಿ ಸುಳ್ಳು ಕಟ್ಟಿದವನಿಗೆ ವಿಶ್ವಕೋಶದ ಪುಟವೇ ಬಹುಮಾನ. ಈ ಕಾರಣಕ್ಕೆ ಯಾವ ಹುಸಿಗೂ ಪುಟ ಬೇಡ ಎನ್ನುವವರ ಮಾತು ನಿಲ್ಲುವುದಿಲ್ಲ, ಏಕೆಂದರೆ ಹಿಟ್ಲರನ ನಕಲಿ ದಿನಚರಿಗಳನ್ನು ಬಿಟ್ಟು 1983ರ ಜರ್ಮನ್ ಪತ್ರಿಕೋದ್ಯಮವನ್ನು ವಿವರಿಸಲಾಗದು. ಆದರೆ ಈ ಆಕ್ಷೇಪದಿಂದ ಕಾಯುವ ಅಭ್ಯಾಸವನ್ನಂತೂ ಕಲಿಯಬೇಕು. ಒಂದು ವಾರದ ಗದ್ದಲಕ್ಕೆ ಪುಟ ಬೇಡ. ಗದ್ದಲ ಅಡಗಿ ಒಂದೆರಡು ವರ್ಷವಾದ ಮೇಲೂ ಯಾರಾದರೂ ಅದನ್ನು ಕುರಿತು ಬರೆಯುತ್ತಿದ್ದರೆ ಆಗ ನೋಡಬಹುದು. ಸುಳ್ಳಿಗೆ ಬಲಿಯಾದ ಸಾಮಾನ್ಯರ ಹೆಸರನ್ನು ಬರೆಯಲೇಬೇಕಾದ ಪ್ರಸಂಗ ಬಹಳ ಕಡಿಮೆ. ಬರೆಯುವ ಕ್ರಮವೂ ಮುಖ್ಯ: ಮೊದಲ ವಾಕ್ಯದಲ್ಲೇ ಇದು ಹುಸಿ ಎಂದಿರಬೇಕು. ಲೇಖನದ ಮೊದಲ ಸಾಲನ್ನಷ್ಟೇ ಹುಡುಕುತಾಣಗಳು ಎತ್ತಿ ತೋರಿಸುವ ಕಾಲದಲ್ಲಿ, ಐದನೆಯ ಪರಿಚ್ಛೇದದಲ್ಲಿ ಬರುವ ನಿಜ ಯಾರ ಕಣ್ಣಿಗೂ ಬೀಳುವುದಿಲ್ಲ.

ಕನ್ನಡದಲ್ಲಿ ತೊಡಕು ಬೇರೆಯೇ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲಿ ಇಂಥ ಲೇಖನ ಬರೆಯಹೊರಟವರಿಗೆ ನಿಯಮಕ್ಕಿಂತ ಆಕರಗಳದೇ ಕೊರತೆ. 1990ರ ದಶಕದಲ್ಲಿ ಬೆಂಗಳೂರಿನ ಸುತ್ತಮುತ್ತ ಮನೆಯವರ ದನಿಯಲ್ಲೇ ಕರೆದು ಬಾಗಿಲು ಬಡಿಯುವ ದೆವ್ವದ ಸುದ್ದಿ ಹಬ್ಬಿ, ಜನ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದುಕೊಂಡರು. ಅದು ಹುಸಿಯೋ ಗಾಳಿಮಾತೋ, ಮೊದಲು ಬರೆದವರು ಯಾರು, ಪತ್ರಿಕೆಗಳು ಅದನ್ನು ಹಬ್ಬಿಸಿದವೋ ತಡೆದವೋ ಎಂಬುದಕ್ಕೆ ಇಂದು ಓದಲು ಸಿಗುವುದರಲ್ಲಿ ಹೆಚ್ಚಿನದು 2018ರ ಹಿಂದಿ ಚಿತ್ರ ‘ಸ್ತ್ರೀ’ ಬಂದ ಮೇಲೆ ನೆನಪಿನಿಂದ ಬರೆದದ್ದು. ಅಷ್ಟರ ಮೇಲೆ ಪುಟ ಕಟ್ಟಿದರೆ ಅದು ದಂತಕಥೆಯ ಪುಟವಾದೀತು, ಘಟನೆಯದಲ್ಲ. ಈ ಕೊರತೆ ತುಂಬುವುದು ವಿಶ್ವಕೋಶ ಬರೆಯುವವರ ಕೆಲಸವಲ್ಲ, ಅವರ ನಿಯಮವೂ ಅದಕ್ಕೆ ಬಿಡುವುದಿಲ್ಲ. ಆ ದಶಕದ ಕನ್ನಡ ಪತ್ರಿಕೆಗಳ ಕಡತಗಳು ಗ್ರಂಥಾಲಯಗಳಲ್ಲಿ ಇನ್ನೂ ಇವೆ, ಬಾಗಿಲ ಮೇಲೆ ಬರೆದವರೂ ಇದ್ದಾರೆ. ಪತ್ರಿಕೋದ್ಯಮ ಮತ್ತು ಜಾನಪದ ವಿಭಾಗಗಳ ಸಂಶೋಧಕರು ಈ ಕೆಲಸವನ್ನು ಈಗಲೇ ಎತ್ತಿಕೊಳ್ಳಬೇಕು.